ಐದು ಅಂಕದ ಪಂಪ

ಹತ್ತನೇ ಕ್ಲಾಸಿನಲ್ಲಿ ನನಗೆ ಪಂಪ ಅಂದ್ರೆ ಐದು ಅಂಕ. ಅಷ್ಟೇ. ಮೇಷ್ಟ್ರು ಭಾವಾರ್ಥ ಬರೆಸೋರು, ನಾವು ಉರು ಹೊಡೀತಿದ್ವಿ. 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಅಂತ ಪ್ರಶ್ನೆ. ಸಂದರ್ಭ ಗೈಡಿನಲ್ಲಿತ್ತು, ಸ್ವಾರಸ್ಯ ಎಲ್ಲೂ ಇರಲಿಲ್ಲ. ಪರೀಕ್ಷೆ ಮುಗಿದ ದಿನವೇ ಪುಸ್ತಕ ರದ್ದಿ ಅಂಗಡಿ ಸೇರಿತು. ನನಗೇನೂ ಬೇಜಾರಾಗಲಿಲ್ಲ.

ಆ ಪಂಪ ನನಗೆ ಮತ್ತೆ ಸಿಕ್ಕಿದ್ದು ಇಪ್ಪತ್ತು ವರ್ಷದ ಮೇಲೆ, ಅದೂ ತೆಲಂಗಾಣದಲ್ಲಿ! ಚುನಾವಣೆ ವರದಿಗೆ ಕರೀಂನಗರಕ್ಕೆ ಹೋಗಿದ್ದೆ. ಮಧ್ಯಾಹ್ನ ಕೆಲಸವಿರಲಿಲ್ಲ. 'ಇಲ್ಲೇ ಕುರಿಕ್ಯಾಲದ ಹತ್ತಿರ ನಿಮ್ಮ ಕನ್ನಡದ ಕಲ್ಲಿದೆ, ನೋಡ್ತೀರಾ ಸಾರ್?' ಅಂದ ಕಾರಿನ ಡ್ರೈವರ್. ಹೋದೆ. ಬೊಮ್ಮಲಗುಟ್ಟ ಅನ್ನೋ ಬೆಟ್ಟ. ಬಂಡೆಯಲ್ಲಿ ಜೈನ ಶಿಲ್ಪಗಳು, ಜೊತೆಗೆ ಸಾಲುಸಾಲು ಅಕ್ಷರ. ಸಂಸ್ಕೃತ, ತೆಲುಗು, ಕನ್ನಡ, ಮೂರೂ ಒಂದೇ ಶಾಸನದಲ್ಲಿ. ಅದನ್ನು ಕೆತ್ತಿಸಿದವನು ಜಿನವಲ್ಲಭ, ಪಂಪನ ಸ್ವಂತ ತಮ್ಮ.

ನೋಡಿ, ಅಲ್ಲಿಯವರೆಗೆ ಪಂಪ ನನಗೆ ಪಠ್ಯಪುಸ್ತಕದ ಒಂದು ಹೆಸರು. ಅವನಿಗೊಬ್ಬ ತಮ್ಮನಿದ್ದ, ಆ ತಮ್ಮ ಅಣ್ಣನ ಹೆಸರನ್ನು ಬಂಡೆ ಮೇಲೆ ಬರೆಸಿದ್ದ ಅಂತ ತಿಳಿದಾಗ ಏನೋ ಆಯ್ತು. ಬೆಂಗಳೂರಿಗೆ ಬಂದು ಪಂಪಭಾರತ ಕೊಂಡೆ. ಹೊಸಗನ್ನಡದ ಅನುವಾದ ಪಕ್ಕಕ್ಕಿಟ್ಟುಕೊಂಡು, ದಿನಕ್ಕೆ ನಾಲ್ಕೇ ಪದ್ಯದ ಹಾಗೆ ಓದಿದೆ.

ಈ ಪಂಪ ಹುಟ್ಟಿದ್ದು ಕ್ರಿ.ಶ. 902ರಲ್ಲಿ. 941ರಲ್ಲಿ ಆದಿಪುರಾಣ ಬರೆದ. ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಸ್ಥಾನಕವಿ. ದೊರೆಯನ್ನೇ ಅರ್ಜುನನಿಗೆ ಹೋಲಿಸಿ 'ವಿಕ್ರಮಾರ್ಜುನ ವಿಜಯ' ರಚಿಸಿದ. ದೊರೆ ಅವನಿಗೆ ಧರ್ಮಪುರ ಅನ್ನೋ ಅಗ್ರಹಾರವನ್ನೇ ಕೊಟ್ಟ. ಇಂದಿನ ಭಾಷೆಯಲ್ಲಿ ಹೇಳೋದಾದ್ರೆ ಅಧಿಕಾರದಲ್ಲಿರುವವರನ್ನು ಹೊಗಳಿ ಊರು ಪಡೆದವನು. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಕರ್ಣನ ಭಾಗಕ್ಕೆ ಬಂದಾಗ ಮಾತು ಬದಲಾಗುತ್ತೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ಪಾಂಡವರ ಕಡೆ ಹೋಗಲ್ಲ. ಆ ಕಾಲದಲ್ಲಿ ಅದಕ್ಕೊಂದು ಹೆಸರೇ ಇತ್ತು: ಜೋಳವಾಳಿ. ಜೋಳ ಕೊಟ್ಟವನಿಗೆ ಪ್ರಾಣ ಕೊಟ್ಟಾದ್ರೂ ಋಣ ತೀರಿಸೋದು. ಕೊನೆಗೆ ಕರ್ಣ ಬಿದ್ದಾಗ ಪಂಪ ಓದುಗರತ್ತ ತಿರುಗಿ, ಈ ಭಾರತದಲ್ಲಿ ನೆನೆಯಬೇಕಾದವನು ಇವನೇ ಅನ್ನುತ್ತಾನೆ. ಯೋಚನೆ ಮಾಡಿ ಸ್ವಾಮಿ! ದೊರೆ ಅರ್ಜುನ. ಕವಿ ಕಣ್ಣೀರು ಹಾಕ್ತಿರೋದು ಅರ್ಜುನನ ಬಾಣಕ್ಕೆ ಸತ್ತವನಿಗೆ. ಅದೂ ಆ ದೊರೆಯ ಆಸ್ಥಾನದಲ್ಲೇ ಕೂತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಗೊತ್ತಾ? ಆ ವಾರವಷ್ಟೇ ಒಬ್ಬ ದೊಡ್ಡ ಮನುಷ್ಯರನ್ನು ಸ್ಟುಡಿಯೋದಲ್ಲಿ ಕೂರಿಸಿಕೊಂಡು, ಕೇಳಲೇಬೇಕಿದ್ದ ಒಂದು ಪ್ರಶ್ನೆ ಕೇಳದೆ ಬಿಟ್ಟಿದ್ದೆ. ಯಾರೂ ಬೇಡ ಅಂದಿರಲಿಲ್ಲ. ನಾನೇ ನುಂಗಿಕೊಂಡಿದ್ದೆ. ಜೋಳದ ಋಣ ನನಗೂ ಇದೆ, ಪಂಪನಿಗೂ ಇತ್ತು. ಆದರೂ ಅವನು ಹೇಳಬೇಕಾದ್ದನ್ನು ಹೇಳಿಬಿಟ್ಟ.

ಆಮೇಲಾದ್ರೂ ಕೇಳಿದ್ರಾ ಅಂತೀರಾ? ಕೇಳಿದೆ, ನಾಲ್ಕು ತಿಂಗಳು ತಡವಾಗಿ. ಅಷ್ಟರಲ್ಲಿ ಚುನಾವಣೆ ಮುಗಿದಿತ್ತು. ಅವರು ನಕ್ಕು ಸುಮ್ಮನಾದರು.

ಕನ್ನಡ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಭಾವಾರ್ಥ ನಾಳೆ ಬರೆಸಿ. ಇವತ್ತು ಮಕ್ಕಳಿಗೆ ಈ ಅಣ್ಣತಮ್ಮಂದಿರ ಕಥೆ ಹೇಳಿ, ಅನ್ನ ಕೊಟ್ಟ ದೊರೆಯ ಎದುರೇ ಕರ್ಣನಿಗಾಗಿ ಅತ್ತವನ ಕಥೆ ಹೇಳಿ. ಸ್ವಾರಸ್ಯ ಏನು ಅಂತ ಅವರೇ ಹೇಳ್ತಾರೆ.