ದೋಣಿಯಿಲ್ಲದ ಕಾಲುವೆ: ಪುಣೆಯ ಮುಠಾ ನೀರಿನ ಚರಿತ್ರೆ

ಪುಣೆ ನಗರದೊಳಗೆ ಪರ್ವತಿ ಗುಡ್ಡದ ಬುಡ, ಸ್ವಾರಗೇಟ್ ಮತ್ತು ಹಡಪ್ಸರದ ಮೂಲಕ ಪೂರ್ವಕ್ಕೆ ಹರಿಯುವ ಮುಠಾ ಬಲದಂಡೆ ಕಾಲುವೆಗೆ ಈಗ ಒಂದೂವರೆ ಶತಮಾನ ಕಳೆದಿದೆ; ಅದೇ ನಗರದ ನದಿಯಲ್ಲಿ ಹವ್ಯಾಸಕ್ಕಾಗಿ ದೋಣಿ ನಡೆಸುವ ರೂಢಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹೀಗಿದ್ದೂ ದೋಣಿ ಎಂದೂ ಕಾಲುವೆಗೆ ಇಳಿಯಲಿಲ್ಲ. ಇಂಗ್ಲೆಂಡ್, ಫ್ರಾನ್ಸ್, ಹಾಲೆಂಡ್‌ಗಳಲ್ಲಿ ಬೇಸಿಗೆ ಬರುವ ಮೊದಲೇ ನಕ್ಷೆ ಹರಡಿಕೊಂಡು, ಎಲ್ಲಿ ತಂಗುವುದು, ದಿನಕ್ಕೆ ಎಷ್ಟು ದೂರ ಸಾಗುವುದು ಎಂದು ಲೆಕ್ಕ ಹಾಕಿ, ಸ್ವಂತ ಮೋಟಾರು ದೋಣಿಯಲ್ಲಿ ಕಾಲುವೆಗಳ ಮೇಲೆ ವಾರಗಟ್ಟಲೆ ಸುತ್ತುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು; ಅಂಥ ಪದ್ಧತಿ ಪುಣೆಯಲ್ಲಿ ಬೇರೂರದೆ ಹೋದದ್ದಕ್ಕೆ ಅಲ್ಲಿನವರ ಅಭಿರುಚಿ ಕಾರಣವಲ್ಲ. ಕಾಲುವೆಯ ಇಳಿಜಾರಿನಲ್ಲಿಯೂ ಬೇಸಿಗೆಯ ನೀರು ಯಾರ ಪಾಲಿಗೆ ಸೇರಿತ್ತು ಎಂಬ ಲೆಕ್ಕದಲ್ಲಿಯೂ ಅದಕ್ಕೆ ಉತ್ತರವಿದೆ.

ಕಾಲುವೆಗಳಲ್ಲಿ ಎರಡು ಜಾತಿ. ಸಾಗಾಟದ ಕಾಲುವೆಯಲ್ಲಿ ನೀರು ಬಹುಮಟ್ಟಿಗೆ ನಿಂತಿರಬೇಕು, ಆಳ ವರ್ಷವಿಡೀ ಒಂದೇ ಆಗಿರಬೇಕು, ನೆಲದ ಮಟ್ಟ ಬದಲಾಗುವ ಕಡೆ ಲಾಕ್ ಎಂಬ ಕಟ್ಟಡವಿರಬೇಕು. ಲಾಕ್ ಎಂದರೆ ಎರಡು ಜೊತೆ ಬಾಗಿಲುಗಳ ನಡುವಿನ ಕಲ್ಲಿನ ಕೋಣೆ, ಅದರೊಳಕ್ಕೆ ದೋಣಿಯನ್ನು ಬಿಟ್ಟುಕೊಂಡು, ನೀರು ತುಂಬಿಯೋ ಇಳಿಸಿಯೋ ಅದನ್ನು ಮುಂದಿನ ಮಟ್ಟಕ್ಕೆ ಒಯ್ಯುತ್ತಾರೆ. ನೀರಾವರಿಯ ಕಾಲುವೆಯ ಧರ್ಮವೇ ಬೇರೆ. ಅಲ್ಲಿ ನೀರು ತನ್ನಷ್ಟಕ್ಕೆ ಹರಿಯುತ್ತಿರಬೇಕು, ದಾರಿಯುದ್ದಕ್ಕೂ ತೂಬುಗಳ ಮೂಲಕ ಹೊಲಗಳಿಗೆ ಹಂಚಿಹೋಗುತ್ತ ಸಣ್ಣದಾಗಬೇಕು, ಬೇಡಿಕೆ ಇಲ್ಲದಾಗ ನಿಲ್ಲಬೇಕು. ಎರಡನ್ನೂ ಒಂದೇ ಕಾಲುವೆಯಲ್ಲಿ ಸಾಧಿಸುವ ಪ್ರಯತ್ನಗಳು ಭಾರತದಲ್ಲಿ ನಡೆಯದೆ ಇರಲಿಲ್ಲ. 1854ರಲ್ಲಿ ತೆರೆದ ಗಂಗಾ ಕಾಲುವೆಯಲ್ಲಿ, ನೀರನ್ನು ಮೆಟ್ಟಿಲಿನಂತೆ ಕೆಳಗಿಳಿಸುವ ಕಟ್ಟೆಗಳ ಪಕ್ಕದಲ್ಲಿ ದೋಣಿಗಳಿಗಾಗಿ ಲಾಕ್‌ಗಳನ್ನು ಕಟ್ಟಲಾಗಿತ್ತು. ಗೋದಾವರಿ ಮುಖಜಭೂಮಿಯಲ್ಲಿ ದವಳೇಶ್ವರದ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್, ಭಾರತಕ್ಕೆ ಬೇಕಾದದ್ದು ರೈಲಿಗಿಂತ ಅಗ್ಗದ ಜಲಮಾರ್ಗ ಎಂದು ಜೀವನವಿಡೀ ವಾದಿಸಿದನು. 1878ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಅವನು ಇಟ್ಟ ನಾಲ್ಕು ಮಹಾಮಾರ್ಗಗಳಲ್ಲಿ ಒಂದು ತುಂಗಭದ್ರೆಯನ್ನು ಏರಿ ಕಾರವಾರದ ಬಂದರಿಗೆ ಇಳಿಯುವಂಥದ್ದಾಗಿತ್ತು, ಇನ್ನೊಂದು ಕಾಕಿನಾಡದಿಂದ ಗೋದಾವರಿ ಮತ್ತು ತಾಪಿ ನದಿಗಳ ಮೂಲಕ ಸೂರತ್ತನ್ನು ಮುಟ್ಟುವಂಥದ್ದು. ತುಂಗಭದ್ರೆಯ ಸುಂಕೇಶುಲದಿಂದ ಹೊರಟ ಕರ್ನೂಲು–ಕಡಪ ಕಾಲುವೆ ಆ ಕನಸಿನ ಒಂದು ತುಂಡು. ಅದನ್ನು ಕಟ್ಟಿದ ಖಾಸಗಿ ಕಂಪನಿ ನಷ್ಟದಲ್ಲಿ ಮುಳುಗಿ, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ಕಾಟನ್ ಹೇಳಿದ ನಾಲ್ಕು ಮಾರ್ಗಗಳಲ್ಲಿ ಭೀಮೆಗಾಗಲಿ ಅದರ ಉಪನದಿಯಾದ ಮುಠೆಗಾಗಲಿ ಸ್ಥಾನವಿರಲಿಲ್ಲ, ಮತ್ತು ಇರಬೇಕಾದ ಕಾರಣವೂ ಕಾಣುವುದಿಲ್ಲ: ಸಹ್ಯಾದ್ರಿಯ ಬೆನ್ನಿಗಂಟಿದ ಈ ನದಿಗಳು ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುಗಳಾಗಿ ಉಳಿಯುವಂಥವು. ಮೇಲಾಗಿ, ಖಂಡಾಲಾದಿಂದ ಪುಣೆಗೆ 1858ರಲ್ಲಿಯೇ ರೈಲು ಬಂದಿತ್ತು, 1863ರಲ್ಲಿ ಭೋರ್ ಘಾಟಿನ ಏರು ಹಳಿ ತೆರೆದ ಮೇಲೆ ಮುಂಬಯಿಯ ಸರಕು ಎಲ್ಲಿಯೂ ಇಳಿಯದೆ ಪುಣೆ ಸೇರತೊಡಗಿತು. ದೋಣಿಗೆ ಹೊರೆಯೇ ಉಳಿದಿರಲಿಲ್ಲ.

ಮುಠಾ ಕಾಲುವೆ ಹುಟ್ಟಿದ್ದು ಬರದ ಭಯದಿಂದ ಮತ್ತು ದಂಡುಪ್ರದೇಶದ ಬಾಯಾರಿಕೆಯಿಂದ. ಪುಣೆಯ ಪೂರ್ವಕ್ಕಿರುವ ಹವೇಲಿ, ದೌಂಡ್, ಇಂದಾಪುರ ಸೀಮೆಗಳು ಘಟ್ಟದ ಮಳೆಯ ನೆರಳಿನಲ್ಲಿವೆ. ಘಟ್ಟದ ಮೇಲೆ ಬಿದ್ದ ನೀರನ್ನು ಹಿಡಿದಿಟ್ಟು ಆ ಸೀಮೆಗಳಿಗೆ ಒಯ್ಯುವ ಸಮೀಕ್ಷೆಯನ್ನು 1860ರ ದಶಕದಲ್ಲಿ ರಾಯಲ್ ಇಂಜಿನಿಯರ್ಸ್ ಪಡೆಯ ಕರ್ನಲ್ ಫೈಫ್ ನಡೆಸಿದನು, ಅದರ ಫಲವಾಗಿ ನಗರದ ನೈಋತ್ಯಕ್ಕಿರುವ ಖಡಕ್‌ವಾಸ್ಲಾದಲ್ಲಿ 1869ರಿಂದ ಒಂದು ದಶಕದ ಕಾಲ ಕಲ್ಲುಗಾರೆಯ ಅಣೆಕಟ್ಟು ಎದ್ದಿತು, ಅದರ ಹಿಂದೆ ನಿಂತ ನೀರಿಗೆ ಫೈಫ್ ಸರೋವರ ಎಂದೇ ಹೆಸರಾಯಿತು. ಅಣೆಕಟ್ಟು ಪೂರ್ತಿಯಾಗುವ ಮೊದಲೇ, 1874ರ ಸುಮಾರಿಗೆ, ಬಲದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಅದರ ಉದ್ದ 112 ಕಿಲೋಮೀಟರ್. ಎಡದಂಡೆಯ ಕಾಲುವೆ ಚಿಕ್ಕದು, ಕಾಲಕ್ರಮದಲ್ಲಿ ನಗರದೊಳಗೆ ಅದು ಮುಚ್ಚಿಹೋಗಿ, ಎರಂಡವಣೆಯ ಕಡೆ ‘ಕೆನಾಲ್ ರೋಡ್’ ಎಂಬ ರಸ್ತೆಯ ಹೆಸರಿನಲ್ಲಷ್ಟೇ ಉಳಿದಿದೆ.

ಇಂಥ ಕಾಲುವೆಯನ್ನು ಸಮೋನ್ನತ ಕಾಲುವೆ ಎನ್ನುತ್ತಾರೆ: ಗುಡ್ಡದ ಮೈಯನ್ನು ಬಳಸಿಕೊಂಡು, ನದಿಗಿಂತ ನಿಧಾನವಾಗಿ ಇಳಿಯುತ್ತ ಸಾಗುವುದರಿಂದ ಅದು ಮುಂದೆ ಹೋದಷ್ಟೂ ನದಿಗಿಂತ ಎತ್ತರದಲ್ಲಿ ಉಳಿಯುತ್ತದೆ, ಕಾಲುವೆಗೂ ನದಿಗೂ ನಡುವೆ ಸಿಗುವ ಇಳಿಜಾರು ನೆಲವೆಲ್ಲ ಅದರ ಅಚ್ಚುಕಟ್ಟು ಪ್ರದೇಶವಾಗುತ್ತದೆ. ಈ ರಚನೆಯೇ ದೋಣಿಗೆ ಮೊದಲ ಅಡ್ಡಿ. ನೀರಿನ ಸೆಳೆತದೊಡನೆ ಕೆಳಗೆ ಹೋಗುವುದು ಸುಲಭವಾದರೂ ಅದರ ವಿರುದ್ಧ ಮರಳಿ ಬರುವುದು ಕಷ್ಟ; ಹಳ್ಳ ದಾಟುವ ಮೇಲ್ಗಾಲುವೆಗಳು ಇಕ್ಕಟ್ಟಾದವು, ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆಗಳು ನೀರಿಗೆ ತೀರ ಹತ್ತಿರದವು, ಮಟ್ಟ ಬದಲಾಗುವ ಕಡೆ ದೋಣಿಯನ್ನು ಇಳಿಸುವ ಲಾಕ್ ಇಲ್ಲ. ಮೋಟಾರು ದೋಣಿಯ ವಿಷಯದಲ್ಲಿ ಇನ್ನೊಂದು ತೊಂದರೆ ಸೇರುತ್ತದೆ. ಅದರ ಹಿಂದೆ ಏಳುವ ಅಲೆ ಎರಡೂ ಬದಿಯ ಮಣ್ಣಿನ ಏರಿಗೆ ಬಡಿದು ಬುಡವನ್ನು ಕೊರೆಯುತ್ತದೆ, ಹೀಗೆ ಕೊರೆದ ಏರಿ ತುಂಬಿದ ಕಾಲುವೆಯ ಭಾರವನ್ನು ತಡೆಯಲಾರದು. ಏರಿ ಎಷ್ಟು ನಾಜೂಕಿನದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ: 2018ರ ಸೆಪ್ಟೆಂಬರ್ 27ರಂದು ದಾಂಡೇಕರ್ ಸೇತುವೆಯ ಬಳಿ ಬಲದಂಡೆ ಕಾಲುವೆಯ ಗೋಡೆ ಕುಸಿದು, ಕೆಳಗಿನ ಬಡವರ ಮನೆಗಳಿಗೆ ಹಾಡಹಗಲೇ ನೀರು ನುಗ್ಗಿತು, ಪಾತ್ರೆಪಡಗ, ದಿನಸಿ, ಹಾಸಿಗೆಗಳೆಲ್ಲ ಕೆಸರಿನಲ್ಲಿ ಹೋದವು. ಯಾವ ದೋಣಿಯ ಅಲೆಯೂ ಇಲ್ಲದೆಯೇ ಆದ ಅನಾಹುತ ಅದು.

ಆದರೆ ರಚನೆಯ ಅಡ್ಡಿಗಳನ್ನು ಹಣ ಸುರಿದು ನಿವಾರಿಸಬಹುದಿತ್ತು. ಬೇಸಿಗೆಯ ಅಡ್ಡಿಯನ್ನು ಹಾಗೆ ನಿವಾರಿಸಲಾಗದು. ಮುಠಾ ಕಾಲುವೆಯಲ್ಲಿ ನೀರು ಸದಾ ಒಂದೇ ಸಮನೆ ಹರಿಯುವುದಿಲ್ಲ, ಸರದಿಯಲ್ಲಿ ಬಿಡಲಾಗುತ್ತದೆ. ಈ ಸರದಿಗೆ ಮಹಾರಾಷ್ಟ್ರದ ರೈತರು ಆವರ್ತನ ಎನ್ನುತ್ತಾರೆ, ಬೇಸಿಗೆಯದು ಉನ್ಹಾಳಿ ಆವರ್ತನ. ಜಲಾಶಯದಲ್ಲಿ ಉಳಿದ ನೀರನ್ನು ಅಳೆದು, ಪುಣೆ ನಗರದ ಕುಡಿಯುವ ಪಾಲನ್ನು ಕಳೆದು, ದೌಂಡ್–ಇಂದಾಪುರದ ಬೆಳೆಗೆ ಎಷ್ಟು ಆವರ್ತನ ಸಿಗುತ್ತದೆ ಎಂಬುದನ್ನು ಕಾಲುವೆ ಸಲಹಾ ಸಮಿತಿ ತೀರ್ಮಾನಿಸುತ್ತದೆ, ಆ ಸಭೆಯ ಸುದ್ದಿಯನ್ನು ಕಬ್ಬು ಬೆಳೆಯುವ ಊರುಗಳು ಪಂಚಾಂಗದ ಮಳೆ ನಕ್ಷತ್ರದಷ್ಟೇ ಆಸೆಯಿಂದ ಕಾಯುತ್ತವೆ. ನೀರು ಬಿಟ್ಟ ದಿನಗಳಲ್ಲಿ ಪಾಟಕರಿ, ಎಂದರೆ ಕನ್ನಡ ನಾಡಿನ ನೀರುಗಂಟಿಯ ಕೆಲಸದವನು, ಏರಿಯ ಮೇಲೆ ಓಡಾಡುತ್ತ ಯಾವ ತೂಬನ್ನು ಯಾವ ಹೊತ್ತಿಗೆ ಎತ್ತಬೇಕು, ಯಾವುದನ್ನು ಇಳಿಸಬೇಕು ಎಂಬುದನ್ನು ನೋಡಿಕೊಳ್ಳುತ್ತಾನೆ. ಬಾಲದ ಹಳ್ಳಿಗೆ, ಎಂದರೆ ಕಾಲುವೆಯ ಕೊನೆಯಲ್ಲಿರುವ ಹಳ್ಳಿಗೆ, ನೀರು ತಲುಪಬೇಕಾದರೆ ಮೇಲಿನವರು ರಾತ್ರಿ ಕದ್ದು ತೂಬು ಎತ್ತದಂತೆ ಕಾಯುವುದೂ ಅವನ ಪಾಲಿಗೇ ಬರುತ್ತದೆ. ಆವರ್ತನ ಮುಗಿದ ಮೇಲೆ ಕಾಲುವೆಯ ತಳದಲ್ಲಿ ಹೂಳು ಮತ್ತು ಪಾಚಿ ಕಾಣುತ್ತವೆ. ವಿಹಾರಕ್ಕೆ ಬೇಕಾದ ಸ್ಥಿರವಾದ ಆಳವನ್ನು ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಕಾಯ್ದಿಡುವುದೆಂದರೆ ಅಷ್ಟು ನೀರನ್ನು ಯಾವುದೋ ಹೊಲದ ಅಥವಾ ಯಾವುದೋ ನಲ್ಲಿಯ ಪಾಲಿನಿಂದ ತೆಗೆದಿಡುವುದೆಂದೇ ಅರ್ಥ, ಮತ್ತು ಅದು ನ್ಯಾಯವಲ್ಲ.

ನೀರಿನ ಈ ಲೆಕ್ಕಾಚಾರವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮುಖ್ಯರು ಕನ್ನಡ ನಾಡಿನವರೇ ಎಂಬುದು ನೆನೆಯಬೇಕಾದ ಸಂಗತಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ ಇಂಜಿನಿಯರಿಂಗ್ ಪದವಿ ಪಡೆದ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ನಿಂತರು. ಖಡಕ್‌ವಾಸ್ಲಾದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಪ್ರತಿವರ್ಷ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದುದನ್ನು ಕಂಡು, ಅವರು ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. 1903ರಲ್ಲಿ ಸಿದ್ಧವಾದ ಈ ಬಾಗಿಲುಗಳು ಗೊತ್ತಾದ ಮಟ್ಟದ ವರೆಗೆ ಮುಚ್ಚಿಕೊಂಡಿದ್ದು, ಪ್ರವಾಹ ಏರಿದಾಗ ನೀರಿನ ಬಲದಿಂದಲೇ ತೆರೆದುಕೊಂಡು, ಇಳಿದಾಗ ತಾವಾಗಿ ಮುಚ್ಚುತ್ತಿದ್ದವು. ಕಟ್ಟೆಯನ್ನು ಒಂದು ಕಲ್ಲಿನಷ್ಟೂ ಎತ್ತರಿಸದೆ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತಾಯಿತು, ಎಂದರೆ ಸಂಗ್ರಹದಲ್ಲಿ ಸುಮಾರು ಕಾಲು ಭಾಗದ ಹೆಚ್ಚಳ. ಅದೇ ವರ್ಷಗಳಲ್ಲಿ ನೆರೆಯ ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯು, ಕಬ್ಬಿಗೆ ಬೇಕಾಬಿಟ್ಟಿ ನೀರು ಹರಿಸುವುದನ್ನು ತಡೆದು, ಗೊತ್ತುಮಾಡಿದ ಭೂಭಾಗಗಳಲ್ಲಿ ಮೂರು ವರ್ಷದ ಸರದಿಯಂತೆ ಕಬ್ಬು ಮತ್ತು ಇತರ ಬೆಳೆಗಳನ್ನು ಬೆಳೆಯುವಂತೆ ಮಾಡಿತು. ಮೊದಮೊದಲು ರೈತರು ಪ್ರತಿಭಟಿಸಿದರೂ ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಿಸುವ ದಾರಿ ಅದೇ ಆಗಿತ್ತು. ಮುಂದೆ ಮಂಡ್ಯ ಸೀಮೆಯ ಇರ್ವಿನ್ ನಾಲೆಯಲ್ಲಿ, ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಇದೇ ಪದ್ಧತಿ ಬಂತು. ಆ ನಾಲೆಯ ಮೇಲೂ ವಿಹಾರದ ದೋಣಿ ಸಾಗಲಿಲ್ಲ, ಸಾಗಬೇಕೆಂದು ಯಾರೂ ಕೇಳಲೂ ಇಲ್ಲ.

ಹಾಗಾದರೆ ಪುಣೆಯ ದೋಣಿಗಳು ಎಲ್ಲಿದ್ದವು? ಪೇಶ್ವೆಯರ ಕಾಲದಲ್ಲಿ ಅವು ಪರ್ವತಿಯ ಕೆರೆಯಲ್ಲಿದ್ದವು. ಕೆರೆಯ ನಡುಗಡ್ಡೆಯ ಗಣಪತಿಗೆ ದೋಣಿಯಲ್ಲಿ ಹೋಗಬೇಕಾಗಿತ್ತು, ಆ ಕೆರೆ ಬತ್ತಿ ಸಾರಸಬಾಗ್ ಉದ್ಯಾನವಾದ ಮೇಲೂ ಜನ ಆ ದೇವರನ್ನು ಕೆರೆಯ ಗಣಪತಿ ಎಂದೇ ಕರೆಯುತ್ತಾರೆ. ಬ್ರಿಟಿಷರ ಕಾಲದ ದೋಣಿಗಳಿಗೆ ಆಸರೆಯಾದದ್ದು ಮುಠಾ ಮತ್ತು ಮುಳಾ ಕೂಡುವ ಸಂಗಮದ ಕೆಳಗೆ 1850ರಲ್ಲಿ ಎದ್ದ ಒಡ್ಡು. ಮುಂಬಯಿಯ ಪಾರಸಿ ವ್ಯಾಪಾರಿ ಸರ್ ಜಮ್‌ಶೇಟ್‌ಜಿ ಜೀಜೀಭಾಯಿ ಅದರ ವೆಚ್ಚದ ಬಹುಪಾಲನ್ನು ಕೊಟ್ಟಿದ್ದು ದೋಣಿವಿಹಾರಕ್ಕಲ್ಲ, ಬೇಸಿಗೆಯಲ್ಲಿ ಜನರಿಗೆ ಕುಡಿಯುವ ನೀರು ಸಿಗಲೆಂದು. ಆದರೆ ಒಡ್ಡಿನ ಹಿಂದೆ ನಿಂತ ನೀರು ನದಿಯನ್ನು ಅಗಲವಾದ, ಶಾಂತವಾದ ಕೊಳವನ್ನಾಗಿ ಮಾಡಿತು. ದಡದಲ್ಲಿ ಬಂಡ್ ಗಾರ್ಡನ್ ಬೆಳೆಯಿತು, 1868ರಲ್ಲಿ ದೋಣಿ ಕ್ಲಬ್ಬು ಹುಟ್ಟಿ ಮುಂದೆ ಕನ್ನಾಟ್ ಡ್ಯೂಕನ ಹೆಸರು ಪಡೆಯಿತು. ಸಂಗಮದ ಬಳಿಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1928ರಲ್ಲಿ ಆರಂಭಿಸಿದ ರೆಗಾಟಾ, ಎಂದರೆ ದೋಣಿಗಳ ಸ್ಪರ್ಧೆ ಮತ್ತು ಪ್ರದರ್ಶನ, ಇಂದಿಗೂ ನಡೆಯುತ್ತಿದೆ. ಇಲ್ಲಿನ ದೋಣಿಯ ಋತು ಯುರೋಪಿನ ಬೇಸಿಗೆಯದಲ್ಲ ಎಂಬುದು ಗಮನಾರ್ಹ: ಮುಂಬಯಿ ಸರ್ಕಾರ ಕಡುಬೇಸಿಗೆಯನ್ನು ಮಹಾಬಳೇಶ್ವರದಲ್ಲಿ ಕಳೆದು ಮಳೆ ಹಿಡಿದ ಮೇಲೆ ಪುಣೆಗೆ ಬರುತ್ತಿದ್ದುದರಿಂದ, ಅಧಿಕಾರಿಗಳ ‘ಪುಣೆ ಸೀಸನ್’ ಜೂನಿನಿಂದ ಅಕ್ಟೋಬರಿನ ವರೆಗೆ, ನದಿಯಲ್ಲಿ ನೀರು ಇರುವ ತಿಂಗಳುಗಳಲ್ಲೇ ಬೀಳುತ್ತಿತ್ತು.

ಇಂಗ್ಲೆಂಡಿನಲ್ಲೂ ಬೇಸಿಗೆಯ ಕಾಲುವೆ ವಿಹಾರ ತಾನಾಗಿ ಬಂದದ್ದಲ್ಲ. ಕಲ್ಲಿದ್ದಲು ಹೊರುತ್ತಿದ್ದ ಕಾಲುವೆಗಳು ರೈಲು ಮತ್ತು ಲಾರಿಗಳ ಮುಂದೆ ಸೋತು ಹೂಳು ತುಂಬುತ್ತಿದ್ದಾಗ, ಎಲ್.ಟಿ.ಸಿ. ರೋಲ್ಟ್ 1939ರಲ್ಲಿ ತನ್ನ ‘ಕ್ರೆಸಿ’ ದೋಣಿಯಲ್ಲಿ ಅವುಗಳ ಮೇಲೆ ಸಂಚರಿಸಿ, ಆ ಅನುಭವವನ್ನು 1944ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು, ಅದರ ಬೆನ್ನಿಗೆ 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಹುಟ್ಟಿತು. ಸರಕು ಬಿಟ್ಟುಹೋದ ಜಾಗವನ್ನು ವಿಹಾರ ತುಂಬಿತು. ಪುಣೆಯ ಕಾಲುವೆಗೆ ಅಂಥ ನಿರುದ್ಯೋಗ ಎಂದೂ ಬರಲಿಲ್ಲ. ಅದರ ಕೆಲಸ ದಿನೇ ದಿನೇ ಹೆಚ್ಚಿತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆದು, ಪುಣೆಯ ನದಿದಡದ ಪೇಟೆಗಳೆಲ್ಲ ಮುಳುಗಿದ ಮೇಲೆ, ಅಣೆಕಟ್ಟನ್ನು ಮತ್ತೆ ಕಟ್ಟಲಾಯಿತು, ಹೊಸ ಬಲದಂಡೆ ಕಾಲುವೆ ಇಂದಾಪುರದ ಕಡೆಗೆ 202 ಕಿಲೋಮೀಟರ್ ಚಾಚಿತು, ಇತ್ತ ನಗರದ ಕುಡಿಯುವ ನೀರಿನ ಬೇಡಿಕೆ ಪ್ರತಿ ದಶಕವೂ ಮೇಲೇರಿತು.

ಖಡಕ್‌ವಾಸ್ಲಾದಲ್ಲಿ ಹಡಗುಗಳ ವಿಚಾರ ಬೇರೊಂದು ರೂಪದಲ್ಲಿ ನಡೆದಿದೆ. 1916ರಲ್ಲಿ ಮುಂಬಯಿ ಪ್ರಾಂತದ ನೀರಾವರಿಯ ವಿಶೇಷ ಘಟಕವಾಗಿ ಆರಂಭವಾಗಿ, ಈಗ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಗಿರುವ ಸಂಸ್ಥೆ, ಜಲಾಶಯದ ಕೆಳಗಿನ ಬಯಲಿನಲ್ಲಿ ಬಂದರುಗಳ, ನದಿಗಳ, ಅಳಿವೆಗಳ ಸಣ್ಣ ಮಾದರಿಗಳನ್ನು ಕಟ್ಟಿ, ಅವುಗಳಲ್ಲಿ ನೀರು ಹರಿಸಿ, ಅಲೆ ಎಬ್ಬಿಸಿ, ಹಡಗು ನಿಲ್ಲುವ ಜಾಗದಲ್ಲಿ ಹೂಳು ಎಷ್ಟು ಸೇರುತ್ತದೆ, ಅಲೆತಡೆ ಗೋಡೆ ಯಾವ ಕೋನದಲ್ಲಿರಬೇಕು ಎಂಬುದನ್ನು ಪರೀಕ್ಷಿಸುತ್ತದೆ. ಭೀಮೆಯ ಹೆಸರು 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ, ಆದರೆ ಪುಣೆಯ ಒಡ್ಡನ್ನು ದಾಟಿ ಬಂದ ಮುಳಾ–ಮುಠೆಯ ನೀರು ಉಜ್ಜನಿ ಜಲಾಶಯದಲ್ಲಿ ನಿಂತು, ಅಲ್ಲಿಯೂ ಹಂಚಿಹೋಗಿ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಭೀಮೆಗೆ ಇಳಿಯುವ ಹೊತ್ತಿಗೆ ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಮೇಲಿನ ರಾಜ್ಯವನ್ನು ಕೇಳಿಕೊಳ್ಳುವ ಸ್ಥಿತಿಯೇ ಪದೇ ಪದೇ ಬರುತ್ತಿದೆ. ಪುಣೆಯೊಳಗಿನ ತೆರೆದ ಕಾಲುವೆಯಲ್ಲಿ ಸೋರಿಕೆ, ಆವಿ ಮತ್ತು ಕಳವಿನಿಂದ ನೀರು ನಷ್ಟವಾಗುತ್ತಿರುವುದರಿಂದ, ಖಡಕ್‌ವಾಸ್ಲಾದಿಂದ ಫುರಸುಂಗಿಯ ವರೆಗೆ ನೆಲದಡಿಯ ಸುರಂಗದಲ್ಲಿ ನೀರನ್ನು ಒಯ್ಯುವ ಯೋಜನೆಯನ್ನು ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ಕೈಗೆತ್ತಿಕೊಂಡಿದೆ; ಅದು ಪೂರ್ತಿಯಾದರೆ ಫುರಸುಂಗಿಯಿಂದ ಆಚೆ, ದೌಂಡ್ ಮತ್ತು ಇಂದಾಪುರದ ಹೊಲಗಳ ಕಡೆಗಷ್ಟೇ ಕಾಲುವೆ ತೆರೆದ ಬಾನಿನ ಕೆಳಗೆ ಹರಿಯಲಿದೆ.