ಕಲ್ಲಿದ್ದಲು ಇಲ್ಲದಿದ್ದರೆ? ಭದ್ರಾವತಿಯನ್ನು ಕೇಳಿ

ಭೂಮಿಯೊಳಗೆ ಕಲ್ಲಿದ್ದಲು, ಪೆಟ್ರೋಲು ಇಲ್ಲದೇ ಹೋಗಿದ್ದರೆ ನಾವಿನ್ನೂ ಎತ್ತಿನ ಗಾಡಿಯಲ್ಲೇ ಇರುತ್ತಿದ್ದೆವು ಅನ್ನುವವರಿದ್ದಾರೆ. ನನಗೇನೋ ಹಾಗನ್ನಿಸುವುದಿಲ್ಲ. ಬರೀ ಊಹೆ ಮಾಡುತ್ತಾ ಕೂರಬೇಕಾಗಿಯೂ ಇಲ್ಲ. ನಮ್ಮ ಹಳೇ ಮೈಸೂರು ಸಂಸ್ಥಾನದ ಸ್ಥಿತಿ ಹೆಚ್ಚುಕಡಿಮೆ ಅದೇ ಆಗಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಮಲೆನಾಡಿನ ತುಂಬ ಕಾಡು, ನದಿ ಇದ್ದವು. ಕಲ್ಲಿದ್ದಲು ಮಾತ್ರ ಇರಲಿಲ್ಲ.

ಕಬ್ಬಿಣ ಮಾಡಲು ಬರೀ ಬೆಂಕಿ ಸಾಲದು. ಅದಿರಿನಲ್ಲಿ ಕಬ್ಬಿಣ ಆಮ್ಲಜನಕಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಇಂಗಾಲ ಬೇಕು. 1709ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಕಲ್ಲಿದ್ದಲಿನ ಕೋಕ್ ಬಳಸಿ ಗೆಲ್ಲುವ ತನಕ ಯುರೋಪಿನಲ್ಲಿ ಆ ಇಂಗಾಲ ಬರುತ್ತಿದ್ದುದು ಮರದ ಇದ್ದಿಲಿನಿಂದ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಭದ್ರಾವತಿ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದ್ದು ಈ ಹಳೇ ದಾರಿಯಲ್ಲೇ, ಆದರೆ ಹೊಸ ರೀತಿಯಲ್ಲಿ. ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿದರು. ಹೊರಬಂದ ಹೊಗೆಯನ್ನೂ ವ್ಯರ್ಥ ಮಾಡದೆ ತಣಿಸಿ ಮರದ ಸ್ಪಿರಿಟ್, ಟಾರು ತೆಗೆದರು. ಕಲ್ಲಿದ್ದಲಿಲ್ಲದೆಯೂ ಬೀಡುಕಬ್ಬಿಣ ಹರಿಯಿತು. ಆದರೆ ಬೆಲೆ ತೆತ್ತಿದ್ದು ಕಾಡು. ಕುಲುಮೆಗೆ ದಿನಾ ಹಸಿವು, ಮರ ಬೆಳೆಯಲು ಮಾತ್ರ ವರ್ಷಗಟ್ಟಲೆ ಬೇಕು!

ಇನ್ನು ನೀರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿತು. ನಾನಿರುವ ಈ ಮುಂಬೈಯಲ್ಲೂ ಕಲ್ಲಿದ್ದಲಿನ ಉಗಿಯಿಂದ ಓಡುತ್ತಿದ್ದ ಹತ್ತಿ ಗಿರಣಿಗಳಿಗೆ 1915ರಲ್ಲಿ ಖೋಪೋಲಿಯಿಂದ ಟಾಟಾ ಜಲವಿದ್ಯುತ್ ಬಂತು. ಲೋಣಾವಳದ ಮಳೆನೀರು ಘಾಟಿ ಇಳಿದು ಮಗ್ಗ ತಿರುಗಿಸಿತು. ಭದ್ರಾವತಿಗೂ 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಾಯಿಸುವ ಕೆಲಸವನ್ನು ಕರೆಂಟು ವಹಿಸಿಕೊಂಡರೆ ಇಂಗಾಲ ಬಹಳಷ್ಟು ಉಳಿಯುತ್ತದೆ. ಆದರೂ ಅದಿರಿನಿಂದ ಕಬ್ಬಿಣ ಬಿಡಿಸಲು ಬೇಕಾದಷ್ಟು ಇಂಗಾಲವನ್ನು ಹಾಕಲೇಬೇಕು.

ನಿಜ, ಶಿವನಸಮುದ್ರದ ಯಂತ್ರಗಳು ಬಂದದ್ದು ಕಲ್ಲಿದ್ದಲಿನಿಂದ ಬೆಳೆದ ಹೊರದೇಶಗಳಿಂದ. ಹಾಗಾಗಿ ಇದು ಪೂರ್ತಿ ಪರೀಕ್ಷೆಯಲ್ಲ. ಆದರೂ ಒಂದು ಮಾತು ಸ್ಪಷ್ಟ. ಕಲ್ಲಿದ್ದಲು ಇಲ್ಲದಿದ್ದರೂ ಬಲ್ಬು ಬರುತ್ತಿತ್ತು, ಗಿರಣಿ ಬರುತ್ತಿತ್ತು, ಬಹುಶಃ ತಡವಾಗಿ. ದೊಡ್ಡ ಊರುಗಳು ಜಲಪಾತಗಳ ಆಸುಪಾಸಿನಲ್ಲಿ ಬೆಳೆಯುತ್ತಿದ್ದವೇನೋ. ಕಬ್ಬಿಣವನ್ನು ಮಾತ್ರ ಕಾಡು ಕೊಟ್ಟಷ್ಟೇ ಅಳೆದು ಬಳಸಬೇಕಿತ್ತು. ಇಲ್ಲವೇ ಕಾಡನ್ನೇ ಮುಗಿಸಿ ಕೈಚೆಲ್ಲಬೇಕಿತ್ತು.

ಕಲ್ಲಿದ್ದಲು ನಮಗೆ ಜಾಣತನ ಕೊಡಲಿಲ್ಲ ಸ್ವಾಮಿ, ಅವಸರ ಕೊಟ್ಟಿತು. ಕೋಟ್ಯಂತರ ವರ್ಷಗಳ ಹಿಂದಿನ ಕಾಡನ್ನು ಇನ್ನೂರು-ಮುನ್ನೂರು ವರ್ಷಗಳಲ್ಲಿ ಉರಿಸಿದ್ದೇವೆ. ಅದರ ಲೆಕ್ಕ ಈಗ ಬಿಸಿಲಿನ ರೂಪದಲ್ಲಿ ಬರುತ್ತಿದೆ. ನಿಮಗೇನನ್ನಿಸುತ್ತದೆ?