ಬೊಕ್ಕಸವೂ ಬಯಲುಸೀಮೆಯೂ

ಧಾತು, ಈಶ್ವರ ಸಂವತ್ಸರಗಳ ಬರದ ಕಥೆಯನ್ನು ತಮ್ಮ ತಂದೆತಾಯಿಗಳಿಂದ ಕೇಳಿದ್ದ ಹಿರಿಯರು ನನ್ನ ಬಾಲ್ಯದಲ್ಲಿ ಇನ್ನೂ ಇದ್ದರು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ವರ್ಷವೇ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರು. ಜೊತೆಗೆ ಬರಗಾಲದ 80 ಲಕ್ಷ ರೂಪಾಯಿ ಸಾಲವನ್ನೂ!

ದಿವಾನ್ ರಂಗಾಚಾರ್ಲು ಅವರು ವೆಚ್ಚಕ್ಕೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳು ಆರಾದುವು; ಹಾಸನ, ಚಿತ್ರದುರ್ಗಗಳು ಜಿಲ್ಲೆಯ ಪಟ್ಟವನ್ನೇ ಕಳೆದುಕೊಂಡುವು. ಬರಿದಾದ ಬೊಕ್ಕಸವನ್ನು ನೆನೆದರೆ ಇದನ್ನು ನಾನು ಆಕ್ಷೇಪಿಸಲಾರೆ. ಆದರೆ ರೈತನಿಗೆ ಕಚೇರಿ ದೂರವಾಗುವುದೂ ಒಂದು ಬಗೆಯ ಕಂದಾಯವೇ. 1886ರಲ್ಲಿ ಎರಡು ಜಿಲ್ಲೆಗಳನ್ನೂ ಮರಳಿ ರಚಿಸಬೇಕಾಯಿತು. ರಂಗಾಚಾರ್ಲು ಬರಿಯ ಮಿತವ್ಯಯಿಗಳಲ್ಲವೆಂಬುದನ್ನೂ ಹೇಳಬೇಕು: ಆ ಬಿಗಿಯ ನಡುವೆಯೇ, 1882ರಲ್ಲಿ, ಬೆಂಗಳೂರು-ಮೈಸೂರು ರೈಲುದಾರಿ ಪೂರ್ಣವಾಯಿತು.

1883ರಲ್ಲಿ ದಿವಾನರಾದ ಶೇಷಾದ್ರಿ ಅಯ್ಯರ್ ಅವರು ಉಳಿತಾಯವನ್ನು ಒಣಸೀಮೆಯತ್ತಲೂ ತಿರುಗಿಸಿದರು. ಒಮ್ಮೆ ಅಳಿಸಿಹಾಕಿದ್ದ ಅದೇ ಚಿತ್ರದುರ್ಗ ಜಿಲ್ಲೆಯಲ್ಲಿ, ಹಿರಿಯೂರಿನ ಬಳಿ, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು.

1933ರ ತರುವಾಯ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೋಡಲು ನಾನೂ ಹೋಗಿದ್ದೆ. ಹೀಗೆ ಅಪರೂಪಕ್ಕೆ ತುಂಬುವ ಕಟ್ಟೆಗೆ ಅಷ್ಟು ಹಣವೇಕೆಂದು ಲೆಕ್ಕಿಗರು ಕೇಳಿಯಾರು. ಕಟ್ಟೆಯ ಕೆಳಗೆ, ನಾಲೆಯ ಎರಡು ಬದಿಗಳಲ್ಲಿ, ತೆಂಗು ಅಡಕೆಯ ತೋಟಗಳಿದ್ದುವು. ನಾಲೆ ಮುಟ್ಟದ ಕಡೆ ಕಲ್ಲು, ಜಾಲಿ.